ಯಜಮಾನನ ಸ್ವಭಾವವೂ ಅಂಗಡಿಯ ಜಗಳವೂ



ಕಳೆದ ತಿಂಗಳು ಸೋದರಿಯೊಬ್ಬರು ನಮಗೊಂದು ಕಾಗದ ಬರೆದಿದ್ದರು. ಅವರ ಪತಿಯವರು ಪಟ್ಟಣವೊಂದರಲ್ಲಿ ಚಿಕ್ಕ ಹೋಟೆಲನ್ನು ನಡೆಸುತ್ತಾರೆ. ಮೈದುನನು ಸಾಮಾನು ತರುತ್ತಾನೆ. ಮಗನು ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾನೆ. ಅಡಿಗೆಗೂ ಬಡಿಸುವುದಕ್ಕೂ ಹೊರಗಿನವರು ನಾಲ್ಕಾರು ಮಂದಿ ಇದ್ದಾರೆ. ಅವರು ಕೇಳಿದ ಪ್ರಶ್ನೆ ಇದು: “ನಮ್ಮ ಯಜಮಾನರು ಒಬ್ಬರ ಮೇಲೂ ದನಿಯೆತ್ತಿದವರಲ್ಲ. ದೇವರಂಥ ಮನುಷ್ಯರೆಂದು ಊರೆಲ್ಲ ಹೇಳುತ್ತದೆ. ಹಾಗಿದ್ದರೂ ನಮ್ಮ ಅಂಗಡಿಯಲ್ಲಿ ಬೆಳಗಾದರೆ ಜಗಳ. ಕೆಲಸದವರು ಒಂದು ವರ್ಷ ನಿಲ್ಲುವುದಿಲ್ಲ. ಎದುರಿನ ಅಂಗಡಿಯವರು ದಿನವಿಡೀ ಕೂಗಾಡುತ್ತಾರೆ. ಅಲ್ಲಿ ಹದಿನೈದು ವರ್ಷದಿಂದ ಅದೇ ಭಟ್ಟರಿದ್ದಾರೆ. ಇದು ನಮ್ಮ ಗ್ರಹಚಾರವೆ?”

ಗ್ರಹಗಳ ಮೇಲೆ ಹೊರೆ ಹೊರಿಸುವ ಮುಂಚೆ ಮನುಷ್ಯರನ್ನು ವಿಚಾರಿಸುವುದು ಮೇಲು. ಈ ತಿಂಗಳ ಲೇಖನವನ್ನು ಆ ಸೋದರಿಯ ಪ್ರಶ್ನೆಗೇ ಮೀಸಲಿಡುತ್ತೇವೆ. ಅದಕ್ಕೆ ಕಾರಣವೂ ಉಂಟು. ಇಂಥದೇ ಒಂದು ಜಗಳದ ಎದುರಿಗೆ ನಾವು ಒಮ್ಮೆ ಇದ್ದೆವು. ಆಡಬೇಕಾದ ಮಾತನ್ನು ಆಡದೆ ಇದ್ದೆವು. ಅದನ್ನು ಮುಂದೆ ಹೇಳುತ್ತೇವೆ.

ಮನೆಮಂದಿ ಸೇರಿ ನಡೆಸುವ ವ್ಯವಹಾರವನ್ನು ಅಲ್ಪವೆಂದು ಎಣಿಸಲಾಗದು. ನಮ್ಮ ನೆರೆಯ ನಂಜನಗೂಡಿನಲ್ಲಿ ಬಿ. ವಿ. ಪಂಡಿತರು 1913ರಲ್ಲಿ ಆರಂಭಿಸಿದ ಸದ್ವೈದ್ಯಶಾಲೆಯ ಹಲ್ಲಿನ ಪುಡಿಯಿಂದ ಹಲ್ಲುಜ್ಜಿ ಬೆಳೆದ ಮನೆಗಳೆಷ್ಟೋ! ತಲಕಾಡು, ತಿರುಮಕೂಡಲು ನರಸೀಪುರಗಳ ಸುತ್ತಮುತ್ತ ಭತ್ತದ ಮಿಲ್ಲು, ಆಲೆಮನೆ, ದಿನಸಿಯಂಗಡಿ, ಹೋಟೆಲು, ಯಾವುದನ್ನು ನೋಡಿದರೂ ಹಲಗೆಯ ಮೇಲೆ ಒಂದು ಹೆಸರು, ಹಲಗೆಯ ಹಿಂದೆ ಒಂದು ಕುಟುಂಬ. ಸಾವಿರಾರು ಒಲೆಗಳು ಈ ಅಂಗಡಿಗಳಿಂದಲೇ ಉರಿಯುತ್ತವೆ. ಆದಕಾರಣ ಅಂಗಡಿಯ ಜಗಳವು ಅಂಗಡಿಯಲ್ಲಿಯೇ ನಿಲ್ಲುವುದಿಲ್ಲ. ಸಂಜೆಗೆ ಯಜಮಾನನ ಸಂಗಡ ಮನೆಗೆ ಬರುತ್ತದೆ, ಊಟದ ಎಲೆಯ ಮುಂದೆ ಕುಳಿತುಕೊಳ್ಳುತ್ತದೆ.

ಸರ್ಕಾರದ ಕಚೇರಿಯಲ್ಲಿ ಮೇಲಧಿಕಾರಿಯ ಮೇಲೆ ದೂರಿದ್ದರೆ ಅವನಿಗೂ ಮೇಲಿನವನಿಗೆ ಅರ್ಜಿ ಬರೆಯಬಹುದು. ಅಧಿಕಾರಿಯ ಸ್ವಭಾವ ಕೆಟ್ಟದಾದರೆ ಮೂರು ವರ್ಷ ಕಾದರೆ ವರ್ಗವಾಗುತ್ತದೆ. ಮನೆಯ ವ್ಯವಹಾರದಲ್ಲಿ ಅರ್ಜಿಯೂ ಇಲ್ಲ, ವರ್ಗವೂ ಇಲ್ಲ. ಒಬ್ಬನೇ ಮನುಷ್ಯನು ಒಬ್ಬನಿಗೆ ತಂದೆ, ಒಬ್ಬಳಿಗೆ ಗಂಡ, ಒಬ್ಬನಿಗೆ ಭಾವ, ಐದಾರು ಮಂದಿಗೆ ಸಂಬಳ ಕೊಡುವ ಧಣಿ. ಅವಿಭಕ್ತ ಕುಟುಂಬದ ವ್ಯವಹಾರವನ್ನು ನಡೆಸುವ ಇಂಥವನನ್ನು ನ್ಯಾಯಾಲಯಗಳು ‘ಕರ್ತ’ನೆಂದು ಕರೆಯುತ್ತವೆ. ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರವು ಆ ನ್ಯಾಯಕ್ಕೆ ಮುಖ್ಯವಾದ ಆಧಾರಗ್ರಂಥ. ಶಾಸ್ತ್ರವು ಯಾರಿಗೆ ಎಷ್ಟು ಪಾಲೆಂಬುದನ್ನು ಹೇಳಬಲ್ಲುದು. ಕರ್ತನ ಸ್ವಭಾವವು ಯಾರ ಪಾಲಿಗೆ ಏನಾಗಿ ಬರುವುದೆಂಬುದನ್ನು ಯಾವ ವ್ಯಾಖ್ಯಾನಕಾರನೂ ಬರೆದಿಲ್ಲ. ಅಲ್ಲಿ ಯಜಮಾನನ ಸ್ವಭಾವವೇ ಕಾನೂನು.

ನಾವು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಠಶಾಲೆಯಲ್ಲಿ ದುಡಿದವರು, ಅಂಗಡಿಯನ್ನು ನಡೆಸಿದವರಲ್ಲ. ಆದರೂ ಮಕ್ಕಳ ಮೂಲಕ ಮನೆಗಳನ್ನೂ ಮನೆಗಳ ಮೂಲಕ ಅಂಗಡಿಗಳನ್ನೂ ನೋಡುವ ಅವಕಾಶ ಉಪಾಧ್ಯಾಯನಿಗೆ ಒದಗುವಷ್ಟು ಬೇರೆಯವರಿಗೆ ಒದಗದು. ಹೀಗೆ ನೋಡಿದುದರಲ್ಲಿ ಮೂರು ಬಗೆಯ ಯಜಮಾನರು ನಮಗೆ ಕಂಡುಬಂದಿದ್ದಾರೆ. ಒಬ್ಬೊಬ್ಬನ ಅಂಗಡಿಯ ಜಗಳಕ್ಕೂ ಒಂದೊಂದು ಬಣ್ಣ.

ಮೊದಲನೆಯವನು ಕೋಪಿಷ್ಠ. ಇವನ ಅಂಗಡಿಯ ಜಗಳ ಬೀದಿಗೆಲ್ಲ ಕೇಳಿಸುತ್ತದೆ. ಆದರೆ ಬೇಗನೆ ಮುಗಿಯುತ್ತದೆ. ಕೋಪದ ನಷ್ಟವೇನೆಂದರೆ ಕೆಟ್ಟ ಸುದ್ದಿಯನ್ನು ಇವನ ಕಿವಿಗೆ ಹಾಕಲು ಯಾರಿಗೂ ಧೈರ್ಯ ಬಾರದು. ಒಡೆದ ಪಾತ್ರೆಯನ್ನು ಹಿತ್ತಲಿನಲ್ಲಿ ಹೂಳುತ್ತಾರೆ; ಹಳಸಿದ ಹಿಟ್ಟನ್ನು ಹೊಸ ಹಿಟ್ಟಿನಲ್ಲಿ ಬೆರೆಸುತ್ತಾರೆ. ಎರಡನೆಯವನು ಸಂಶಯಗ್ರಸ್ತ. ಇವನು ಒಬ್ಬನನ್ನು ಕಾಯಲು ಇನ್ನೊಬ್ಬನನ್ನು ಇಡುತ್ತಾನೆ. ಇವನ ಅಂಗಡಿಯಲ್ಲಿ ಗದ್ದಲವಿಲ್ಲ, ಪಿಸುಮಾತು ಉಂಟು. ಚಾಡಿಗೆ ಬೆಲೆ ಬಂದ ಕಡೆ ಕೆಲಸಕ್ಕೆ ಬೆಲೆ ಇಳಿಯುವುದು ಸಹಜ.

ಮೂರನೆಯವನು ದಾಕ್ಷಿಣ್ಯಪರ. ಇವನು ಯಾರಿಗೂ ಇಲ್ಲವೆನ್ನಲಾರ. ಆದಕಾರಣ ಯಾರಿಗೂ ಸರಿಯಾಗಿ ಹೌದೆಂದೂ ಹೇಳಲಾರ. ಇವನ ಬಾಯಲ್ಲಿ ಸದಾ ಇರುವ ಮಾತು ‘ನೋಡೋಣ’. ಇವನು ಯಾರೊಡನೆಯೂ ಜಗಳವಾಡುವುದಿಲ್ಲ. ಇವನು ಆಡಬೇಕಾದ ಜಗಳವನ್ನು ಇವನ ಸುತ್ತಲಿನವರು ತಮ್ಮತಮ್ಮಲ್ಲಿ ಆಡಿಕೊಳ್ಳುತ್ತಾರೆ. ನಾವೆಲ್ಲರೂ ಮೊದಲಿನ ಇಬ್ಬರನ್ನು ನಿಂದಿಸಿ ಈ ಮೂರನೆಯವನನ್ನು ಹೊಗಳುತ್ತೇವೆ. ಬಹುಕಾಲ ನಾವೂ ಹೊಗಳಿದೆವು. ಈಗ ನಮ್ಮ ಅಭಿಪ್ರಾಯ ಬೇರೆಯಾಗಿದೆ.

ಅಭಿಪ್ರಾಯವನ್ನು ಬದಲಾಯಿಸಿದ ಸಂಗತಿ ಹೀಗಿದೆ. ನಮ್ಮ ಸಹಪಾಠಿಯೊಬ್ಬನು ನೆರೆಯ ಊರೊಂದರಲ್ಲಿ ಭತ್ತದ ಮಿಲ್ಲನ್ನು ನಡೆಸುತ್ತಾನೆ. ಊರ ಹೆಸರೂ ಅವನ ಹೆಸರೂ ಇಲ್ಲಿ ಬೇಡ. ಮಿಲ್ಲನ್ನು ಹಾಕಿದವರು ಅವನ ತಂದೆ. ಅವರು ಮಹಾಕೋಪಿಷ್ಠರು. ಬೆಳಗ್ಗೆ ಅವರು ಕೂಗಿದರೆ ನಾಲೆಯ ಆಚೆ ದಂಡೆಯಲ್ಲಿ ಉಳುವವನು ತಿರುಗಿ ನೋಡುತ್ತಿದ್ದನು. ಆದರೆ ಬೈದವನನ್ನು ಸಂಜೆಗೆ ಕರೆದು ಎಲೆಯಡಕೆ ಕೊಟ್ಟು, “ಊಟವಾಯಿತೇನೋ?” ಎಂದು ಕೇಳುತ್ತಿದ್ದರು. ಯಂತ್ರದ ಮೇಸ್ತ್ರಿಯು ಇಪ್ಪತ್ತರ ವಯಸ್ಸಿನಲ್ಲಿ ಅವರ ಬಳಿ ಸೇರಿದವನು. ಅವರು ತೀರಿಕೊಂಡಾಗ ಮಕ್ಕಳಿಗಿಂತ ಹೆಚ್ಚಾಗಿ ಅತ್ತನು.

ಮಗನು ತಂದೆಗೆ ತೀರ ವಿರುದ್ಧ. ಅವನು ದನಿಯೆತ್ತಿದುದನ್ನು ನಾವು ಕಂಡಿಲ್ಲ. 2017ರ ಜುಲೈಯಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದ ತರುವಾಯ ಲೆಕ್ಕಪತ್ರಗಳೆಲ್ಲ ಗಣಕಯಂತ್ರದ ಪಾಲಾಗಿ, ಅದನ್ನು ಬಲ್ಲವನೆಂದು ಹೆಂಡತಿಯ ತಮ್ಮನನ್ನು ಮಿಲ್ಲಿಗೆ ಕರೆಸಿಕೊಂಡನು. ಆ ತರುಣನು ಬುದ್ಧಿವಂತ, ಕೈ ಶುದ್ಧ. ಆದರೆ ಅವನ ಅಧಿಕಾರ ಎಲ್ಲಿಂದ ಎಲ್ಲಿಯವರೆಗೆಂಬುದನ್ನು ಭಾವನು ಅವನಿಗೆ ಹೇಳಲಿಲ್ಲ. ಅವನ ಮಾತನ್ನು ಎಷ್ಟರಮಟ್ಟಿಗೆ ಕೇಳಬೇಕೆಂದು ಮೇಸ್ತ್ರಿಗೂ ಹೇಳಲಿಲ್ಲ. ಹೇಳದೆ ಬಿಟ್ಟ ಜಾಗವನ್ನೆಲ್ಲ ತರುಣನು ತನ್ನದೆಂದು ತಿಳಿದನು. ಮೇಸ್ತ್ರಿಯೂ ಅದನ್ನೆಲ್ಲ ತನ್ನದೆಂದೇ ತಿಳಿದಿದ್ದನು.

ಒಂದು ವರ್ಷ ಆಶ್ವಯುಜಮಾಸದಲ್ಲಿ ಮೇಸ್ತ್ರಿಯು, “ಹೊಟ್ಟು ಸುಲಿಯೋ ರಬ್ಬರ್ ರೋಲರು ಸವೆದಿದೆ, ಸುಗ್ಗಿಗೆ ಮುಂಚೆ ಹೊಸದು ಹಾಕಿಸಬೇಕು” ಎಂದನು. ಯಜಮಾನನು “ನೋಡೋಣ” ಎಂದನು. ತಿಂಗಳಾದ ಮೇಲೆ ಮತ್ತೆ ಕೇಳಿದನು, ಮತ್ತೆ “ನೋಡೋಣ”. ತರುಣನನ್ನು ಕೇಳಿದರೆ, “ಭಾವ ಹೇಳದೆ ನಾನು ದುಡ್ಡು ತೆಗೆಯುವ ಹಾಗಿಲ್ಲ” ಎಂದನು. ತರುಣನು ಭಾವನನ್ನು ಕೇಳಿದಾಗಲೂ ಅದೇ ಮಾತು. ಹೊಸ ರೋಲರಿಗೆ ಆಗುವ ವೆಚ್ಚಕ್ಕೆ ಯಜಮಾನನು ಅಂಜಿದನೆಂದು ತಿಳಿಯಬೇಡಿ. ಕೊಡಿಸಿದರೆ ಮೈದುನನ ಲೆಕ್ಕವನ್ನು ಮೀರಿದಂತಾಗುವುದೋ, ಕೊಡಿಸದಿದ್ದರೆ ಮೇಸ್ತ್ರಿಯ ಮನಸ್ಸು ನೋಯುವುದೋ ಎಂದು ಎರಡು ಕಡೆಗೂ ಅಂಜಿ, ಯಾವುದನ್ನೂ ಮಾಡದೆ ಕುಳಿತನು.

ಪುಷ್ಯಮಾಸಕ್ಕೆ ಸುಗ್ಗಿ ಬಂದಿತು. ಕ್ವಿಂಟಲು ಭತ್ತಕ್ಕೆ ಸುಮಾರು 65ರಿಂದ 67 ಕಿಲೋ ಅಕ್ಕಿ ಇಳಿಯುವುದು ವಾಡಿಕೆ. ಸವೆದ ರೋಲರನ್ನು ಬಿಗಿಮಾಡಿ ಓಡಿಸಿದರೆ ಕಾಳು ಮುರಿದು ನುಚ್ಚು ಹೆಚ್ಚುತ್ತದೆ. ರೈತರು ಗೊಣಗತೊಡಗಿದರು. ಆ ದಿನ ನಾವೂ ನಮ್ಮ ಮನೆಯ ನಾಲ್ಕು ಮೂಟೆ ಭತ್ತವನ್ನು ಮಾಡಿಸಲು ಹೋಗಿ ಮಿಲ್ಲಿನ ಕಚೇರಿಯಲ್ಲಿ ಕುಳಿತಿದ್ದೆವು. ರೈತನೊಬ್ಬನು ನುಚ್ಚನ್ನು ಬೊಗಸೆಯಲ್ಲಿ ತಂದು ಮೇಜಿನ ಮೇಲೆ ಸುರಿದನು. ತರುಣನು ಮೇಸ್ತ್ರಿಯನ್ನು ಕರೆಯಿಸಿ, ಹತ್ತು ಮಂದಿಯ ಎದುರಿಗೆ, “ನಿನಗೆ ಕಣ್ಣು ಕಾಣಿಸುವುದಿಲ್ಲವೊ, ಇಲ್ಲಾ ಒಳ್ಳೆಯ ಅಕ್ಕಿ ಬೇರೆ ಕಡೆ ಹೋಗುತ್ತಿದೆಯೊ?” ಎಂದು ಕೇಳಿ, ಆ ತಿಂಗಳ ಸಂಬಳದಲ್ಲಿ ಸಾವಿರದೈನೂರು ರೂಪಾಯಿ ಹಿಡಿಯುವುದಾಗಿ ಹೇಳಿದನು.

ಮೇಸ್ತ್ರಿಯು ತರುಣನ ಕಡೆ ನೋಡಲಿಲ್ಲ, ಯಜಮಾನನ ಕಡೆ ನೋಡಿದನು. ಯಜಮಾನನು ಲೆಕ್ಕದ ಪುಸ್ತಕದ ಹಾಳೆಗಳನ್ನು ತಿರುವಿಹಾಕತೊಡಗಿದನು. ಆ ಮೇಲೆ ಮೇಸ್ತ್ರಿಯು ನಮ್ಮ ಕಡೆ ನೋಡಿದನು. ರೋಲರಿನ ಸಂಗತಿಯನ್ನು ಅವನು ನಮಗೂ ಹೇಳಿದ್ದನು, ನಾವು ಬಲ್ಲೆವು. ಆದರೆ ಸ್ನೇಹಿತನ ಅಂಗಡಿ, ಅವನ ಹೆಂಡತಿಯ ತಮ್ಮ, ನಡುವೆ ನಾವು ಬಾಯಿ ಹಾಕುವುದು ಹೇಗೆಂದು ಗೋಡೆಯ ಮೇಲಿನ ಪಂಚಾಂಗವನ್ನು ನೋಡುತ್ತ ಕುಳಿತೆವು. ಮಾರನೆಯ ದಿನ ಮೇಸ್ತ್ರಿಯು ಕೆಲಸಕ್ಕೆ ಬರಲಿಲ್ಲ. ಇಪ್ಪತ್ತೇಳು ವರ್ಷದ ಊಳಿಗ ಹೀಗೆ ಮುಗಿಯಿತು.

ಆ ರಾತ್ರಿ ನಮಗೆ ವಿರಾಟನ ಸಭೆ ನೆನಪಿಗೆ ಬಂದಿತು. ಆ ಪರ್ವವನ್ನು ನಾವು ತರಗತಿಯಲ್ಲಿ ಎಷ್ಟು ಸಲ ಪಾಠ ಹೇಳಿರಲಿಕ್ಕಿಲ್ಲ! ವಿರಾಟನ ಮನೆಯೂ ಒಂದು ಬಗೆಯಲ್ಲಿ ಮನೆಮಂದಿಯ ವ್ಯವಹಾರವೇ. ರಾಜ್ಯ ಅವನದು, ಬಲವೆಲ್ಲ ಹೆಂಡತಿಯ ತಮ್ಮನಾದ ಕೀಚಕನದು, ವೇಷ ಮರಸಿಕೊಂಡ ಪಾಂಡವರೂ ದ್ರೌಪದಿಯೂ ಅಲ್ಲಿ ಸಂಬಳದ ಆಳುಗಳು. ಕೀಚಕನಿಂದ ಸಭೆಯ ನಡುವೆ ಒದೆಸಿಕೊಂಡ ಸೈರಂಧ್ರಿಯು ನ್ಯಾಯ ಕೇಳಿದಾಗ ವಿರಾಟನು ಹೇಳಿದ ಮಾತಿನ ತಾತ್ಪರ್ಯವಿಷ್ಟೆ: ನಿಮ್ಮಿಬ್ಬರ ಜಗಳ ನನ್ನ ಕಣ್ಣ ಮರೆಯಲ್ಲಿ ಹುಟ್ಟಿದ್ದು, ಅದರ ಮೂಲವನ್ನು ತಿಳಿಯದೆ ನಾನೇನು ತೀರ್ಪು ಹೇಳಲಿ? ಒದೆ ಬಿದ್ದುದು ಅವನ ಕಣ್ಣೆದುರಿಗೇ! ಅದೇ ವಿರಾಟನು ಮುಂದೆ, ಕೌರವರನ್ನು ಗೆದ್ದವನು ಉತ್ತರಕುಮಾರನಲ್ಲ, ಬೃಹನ್ನಳೆಯೆಂಬ ನಿಜವನ್ನು ಸೂಚಿಸಿದ ಕಂಕಭಟ್ಟನ ಮುಖಕ್ಕೆ ಪಗಡೆಯ ದಾಳವನ್ನು ಬೀಸಿ ರಕ್ತ ಬರಿಸಿದನು. ಕೀಚಕನ ಮುಂದೆ ಅಷ್ಟು ಮೃದುವಾಗಿದ್ದವನಿಗೆ ಕಂಕನ ಮುಂದೆ ಆ ಕಾಠಿಣ್ಯ ಎಲ್ಲಿಂದ ಬಂದಿತು? ಇದನ್ನು ಯೋಚಿಸಿದಾಗಲೇ ನಮಗೆ ದಾಕ್ಷಿಣ್ಯದ ಗುಟ್ಟು ತಿಳಿದುದು. ದಾಕ್ಷಿಣ್ಯವು ಎಲ್ಲರ ಮೇಲೂ ಸಮನಾಗಿ ಹರಿಯುವ ಕರುಣೆಯಲ್ಲ. ಅದು ಬಲವುಳ್ಳವನ ಕಡೆಗೆ ಹರಿಯುತ್ತದೆ. ಅದರ ಬೆಲೆಯನ್ನು ತೆರುವವನು ಬಲವಿಲ್ಲದವನು.

ಕೆಲವು ತಿಂಗಳುಗಳ ಮೇಲೆ ಮೈಸೂರಿನ ಬಸ್ಸು ನಿಲ್ದಾಣದಲ್ಲಿ ಮೇಸ್ತ್ರಿಯು ಸಿಕ್ಕಿದನು. ನಗರದಲ್ಲಿ ಬಹುಮಹಡಿಯ ಕಟ್ಟಡವೊಂದಕ್ಕೆ ರಾತ್ರಿಯ ಕಾವಲುಗಾರನಾಗಿದ್ದನು. “ಸಾವಿರದೈನೂರು ರೂಪಾಯಿಗೆ ಇಪ್ಪತ್ತೇಳು ವರ್ಷವನ್ನು ಬಿಡಬಹುದೇನಪ್ಪ?” ಎಂದೆವು. ಅವನು ಹೇಳಿದನು: “ಮೇಷ್ಟ್ರೇ, ದುಡ್ಡಿನ ಮಾತಲ್ಲ. ಹಳೇ ಯಜಮಾನ್ರು ‘ಕಳ್ಳ’ ಅಂತ ಬೈದಿದ್ರೂ ‘ಯಾಕ್ ಕಳ್ಳ?’ ಅಂತ ಅವರ ಜೊತೆ ಜಗಳ ಆಡ್ತಿದ್ದೆ. ಇವರು ಏನೂ ಅನ್ನಲಿಲ್ಲ. ಯಾರ ಜೊತೆ ಜಗಳ ಆಡ್ಲಿ?” ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವೂ ಅಲ್ಲೇ ಇದ್ರಿ” ಎಂದನು. ಅವನ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ಇದ್ದಿದ್ದರೆ ನಮಗೆ ಅಷ್ಟು ನೋಯುತ್ತಿರಲಿಲ್ಲ.

ಪಾಠಶಾಲೆಯ ಅನುಭವವುಳ್ಳವರಿಗೆ ಇದು ಹೊಸದಾಗಿ ತೋರಬೇಕಾದುದೇ ಅಲ್ಲ. ಅಮೆರಿಕದ ಅಯೋವಾ ಎಂಬಲ್ಲಿ ಕುರ್ಟ್ ಲೆವಿನ್, ರೊನಾಲ್ಡ್ ಲಿಪ್ಪಿಟ್, ರಾಲ್ಫ್ ವೈಟ್ ಎಂಬ ಮೂವರು ವಿದ್ವಾಂಸರು ಹತ್ತು ವರ್ಷದ ಹುಡುಗರ ಚಿಕ್ಕ ಚಿಕ್ಕ ಸಂಘಗಳನ್ನು ಕಟ್ಟಿ, ಮುಖವಾಡ ಮಾಡುವುದು ಮೊದಲಾದ ಕೆಲಸಗಳನ್ನು ಕೊಟ್ಟು ನೋಡಿ, ಫಲಿತಾಂಶವನ್ನು 1939ರಲ್ಲಿ ಪ್ರಕಟಿಸಿದರು. ಒಂದು ರೀತಿಯಲ್ಲಿ ನಾಯಕನು ಎಲ್ಲವನ್ನೂ ಅಪ್ಪಣೆಯಿಂದ ನಡೆಸುವನು. ಇನ್ನೊಂದರಲ್ಲಿ ಹುಡುಗರೊಡನೆ ಕೂಡಿ ನಿಶ್ಚಯಿಸುವನು. ಮೂರನೆಯದರಲ್ಲಿ ಎಲ್ಲವನ್ನೂ ಅವರ ಪಾಡಿಗೆ ಬಿಟ್ಟು ದೂರ ಕೂರುವನು. ಅಪ್ಪಣೆಯ ಸಂಘಗಳಲ್ಲಿ ನಾಯಕನು ಹೊರಗೆ ಹೋದೊಡನೆ ಕೆಲಸ ಸಡಿಲವಾಯಿತು. ಹುಡುಗರು ತಮ್ಮಲ್ಲಿಯೇ ಒಬ್ಬನನ್ನು ಬಲಿಪಶುವಾಗಿ ಮಾಡಿಕೊಂಡು ಕಾಡಿದುದೂ ಉಂಟು. ಕೂಡಿ ನಿಶ್ಚಯಿಸಿದ ಕಡೆ ನಾಯಕನಿಲ್ಲದಾಗಲೂ ಕೆಲಸ ನಡೆಯಿತು. ಬಿಟ್ಟುಕೊಟ್ಟು ಕುಳಿತ ಕಡೆ ಹುಡುಗರು ಸುಖವಾಗಿದ್ದರೆಂದು ನೀವು ಊಹಿಸಬಹುದು. ಹಾಗಾಗಲಿಲ್ಲ, ಕೆಲಸ ಕಡಿಮೆಯಾಯಿತು, ಅಸಮಾಧಾನ ಬೆಳೆಯಿತು. ಗಮನಿಸತಕ್ಕ ಸಂಗತಿಯೆಂದರೆ, ಒಂದು ರೀತಿಯ ಸಂಘದಲ್ಲಿದ್ದ ಹುಡುಗನನ್ನು ಇನ್ನೊಂದಕ್ಕೆ ಸೇರಿಸಿದಾಗ ಅವನ ನಡತೆಯೂ ಬದಲಾಗುತ್ತಿದ್ದಿತು. ‘ಕೆಲಸದವರೇ ಸರಿಯಿಲ್ಲ’ ಎಂದು ಗೊಣಗುವ ಯಜಮಾನರು ಇದನ್ನು ಒಮ್ಮೆ ಯೋಚಿಸಬೇಕು.

ಇನ್ನು ನಮ್ಮ ಸ್ನೇಹಿತನ ಕಥೆಯ ಶೇಷ. ಬಸ್ಸು ನಿಲ್ದಾಣದಿಂದ ನಾವು ನೇರವಾಗಿ ಅವನ ಮನೆಗೆ ಹೋಗಿ ಕೇಳಿದುದನ್ನೆಲ್ಲ ಹೇಳಿದೆವು. ಅವನು ಬಹಳ ಹೊತ್ತು ತಲೆ ತಗ್ಗಿಸಿಕೊಂಡಿದ್ದು, “ಅಪ್ಪನ ಕೂಗಿಗೆ ಹೆದರಿ ಬೆಳೆದವನು ನಾನು. ನನ್ನಿಂದ ಯಾರಿಗೂ ಹಾಗೆ ಆಗಬಾರದು ಅಂತ ಚಿಕ್ಕವನಾಗಿದ್ದಾಗಲೇ ಮನಸ್ಸು ಮಾಡಿದ್ದೆ. ಅದು ಹೀಗಾಯಿತು” ಎಂದನು. ಆಮೇಲೆ ತಲೆಯೆತ್ತಿ, “ನೀನಾದರೂ ಅವತ್ತೇ ಹೇಳಬಾರದಾಗಿತ್ತೆ?” ಎಂದನು. ನಮ್ಮ ಬಳಿ ಉತ್ತರವಿರಲಿಲ್ಲ. ಒಳಗಿನಿಂದ ಕಾಫಿ ತಂದ ಅವನ ಹೆಂಡತಿ ಬಾಗಿಲ ಬಳಿ ನಿಂತು ಹೇಳಿದರು: “ಅಣ್ಣಾ, ನನ್ನ ತಮ್ಮ ಅಂತ ಇವರು ಸುಮ್ಮನಿದ್ದರು. ಇವರು ಹೇಳಲಿ ಅಂತ ನಾನು ಸುಮ್ಮನಿದ್ದೆ. ನನ್ನನ್ನು ಒಂದು ಮಾತು ಕೇಳಿದ್ದರೆ ಅವತ್ತೇ ರೋಲರು ಹಾಕಿಸಿ ಅಂತಿದ್ದೆ.” ಮೂವರು ಒಳ್ಳೆಯವರು, ಮೂವರೂ ಸುಮ್ಮನೆ, ಒಬ್ಬನ ಊಳಿಗ ಹೋಯಿತು.

ಇದಕ್ಕೆ ಪರಿಹಾರವೇನು? ಮೃದುಸ್ವಭಾವದವನು ನಾಳೆಯಿಂದ ಕೂಗಾಡಬೇಕೆಂದು ನಾವು ಹೇಳುವುದಿಲ್ಲ. ಹುಟ್ಟುಗುಣವನ್ನು ಯಾರೂ ಅಂಗಿಯಂತೆ ಕಳಚಲಾರರು. ಆದರೆ ಸ್ವಭಾವಕ್ಕೆ ಕಟ್ಟಳೆಯ ಊರುಗೋಲನ್ನು ಕೊಡಬಹುದು. ಇದಕ್ಕೆ ನಮ್ಮ ಮೈಸೂರಿನಿಂದಲೇ ಒಂದು ಬುತ್ತಿಯುಂಟು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ತಾಳೆಗರಿಯ ಪ್ರತಿಯಿಂದ ಪಂಡಿತ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಹೊರತಂದು 1909ರಲ್ಲಿ ಅಚ್ಚುಮಾಡಿಸಿದ ಸಂಗತಿ ಪ್ರಸಿದ್ಧವಾಗಿದೆ. ರಾಜನೀತಿಯ ಗ್ರಂಥವೆಂದು ಅದನ್ನು ದೂರವಿಡಬೇಕಾಗಿಲ್ಲ. ಆಳುಕಾಳುಗಳ ಮಾತೂ ಅದರಲ್ಲಿ ಬಂದಿದೆ. ಆಳಿಗೂ ಧಣಿಗೂ ಆದ ಕರಾರು ನೆರೆಹೊರೆಯವರಿಗೆ ತಿಳಿದಿರಬೇಕೆಂದು ಕೌಟಿಲ್ಯನು ವಿಧಿಸುತ್ತಾನೆ. ಕೂಲಿಯನ್ನು ಮೊದಲೇ ಮಾತಾಡಿಕೊಳ್ಳದೆ ಹೋದಲ್ಲಿ ಬೇಸಾಯದ ಆಳಿಗೆ ಬೆಳೆಯಲ್ಲಿಯೂ, ದನ ಕಾಯುವವನಿಗೆ ತುಪ್ಪದಲ್ಲಿಯೂ, ವ್ಯಾಪಾರದ ಆಳಿಗೆ ಸರಕಿನಲ್ಲಿಯೂ ಹತ್ತರಲ್ಲೊಂದು ಪಾಲು ಸಲ್ಲಬೇಕೆನ್ನುತ್ತಾನೆ. ಅಂದರೆ, ಯಜಮಾನನು ಬಾಯಿ ಬಿಡದೆ ಇದ್ದ ಮಾತ್ರಕ್ಕೆ ಆಳು ನಷ್ಟಪಡಬಾರದು. ಇನ್ನೊಂದು ಕಡೆ, ತುರ್ತಿನ ಕೆಲಸವನ್ನು ಅರಸನು ಒಡನೆಯೇ ಕೇಳಬೇಕು, ಮುಂದಕ್ಕೆ ಹಾಕಿದ ಕೆಲಸ ಕಷ್ಟಸಾಧ್ಯವಾಗುತ್ತದೆ ಇಲ್ಲವೆ ಅಸಾಧ್ಯವಾಗುತ್ತದೆಯೆಂದು ಎಚ್ಚರಿಸುತ್ತಾನೆ. ನಮ್ಮ ಸ್ನೇಹಿತನ ರೋಲರಿನ ಕಥೆಯನ್ನು ಎರಡು ಸಾವಿರ ವರ್ಷಗಳ ಹಿಂದೆಯೇ ಅವನು ಬಲ್ಲವನಾಗಿದ್ದನು!

ಎಲ್ಲವನ್ನೂ ಬೆಳಕಿನಲ್ಲಿ ಇಡುವ ಸ್ವಭಾವಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಒಳ್ಳೆಯ ನಿದರ್ಶನವಿದೆ. 1924ರಲ್ಲಿ ಬೆಂಗಳೂರಿನಲ್ಲಿ ಮಯ್ಯ ಸೋದರರು ಆರಂಭಿಸಿದ ಉಪಾಹಾರಗೃಹವು ಮುಂದೆ ಮಾವಳ್ಳಿ ಟಿಫಿನ್ ರೂಮ್ ಎಂಬ ಹೆಸರಿನಿಂದ ಮನೆಮಾತಾಯಿತು. ಯಜ್ಞನಾರಾಯಣ ಮಯ್ಯರು ತಮ್ಮ ಅಡಿಗೆಮನೆಯನ್ನು ಗಿರಾಕಿಗಳ ಕಣ್ಣಿಗೆ ತೆರೆದಿಟ್ಟರು. 1975ರಲ್ಲಿ ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರವು ತಿಂಡಿಗಳ ಬೆಲೆಯನ್ನು ಕಟ್ಟಿಹಾಕಿದಾಗ, ಆ ಉಪಾಹಾರಗೃಹದವರು ಗುಣವನ್ನು ಇಳಿಸದೆ, ದಿನದಿನದ ನಷ್ಟವನ್ನು ಹಲಗೆಯ ಮೇಲೆ ಬರೆದು ಹೊರಗೆ ಹಾಕುತ್ತಿದ್ದರೆಂಬುದನ್ನು ಜನ ಇಂದಿಗೂ ಹೇಳುತ್ತಾರೆ. ಅಂಗಡಿಗೆ ಕಷ್ಟ ಬಂದಾಗ ಯಜಮಾನನು ಅದನ್ನು ಮುಚ್ಚಿಟ್ಟರೆ ಕೆಲಸದವರು ತಮಗೆ ತೋಚಿದ ಕಾರಣಗಳನ್ನು ಕಟ್ಟಿಕೊಳ್ಳುತ್ತಾರೆ. ಹಲಗೆಯ ಮೇಲೆ ಬರೆದ ನಷ್ಟಕ್ಕೆ ಒಬ್ಬರನ್ನೊಬ್ಬರು ದೂರಬೇಕಾದ ಕೆಲಸವಿಲ್ಲ.

ನಮ್ಮ ಸ್ನೇಹಿತನು ಕಡೆಗೆ ಮಾಡಿದುದೂ ಹೆಚ್ಚುಕಡಿಮೆ ಇದೇ. ಮೊದಲು ಸಾವಿರದೈನೂರು ರೂಪಾಯಿಯನ್ನು ತೆಗೆದುಕೊಂಡು ಮೇಸ್ತ್ರಿಯ ಮನೆಗೆ ತಾನೇ ಹೋದನು. ತಪ್ಪು ತನ್ನದೆಂದು ಅವನ ಹೆಂಡತಿ ಮಕ್ಕಳ ಎದುರಿಗೆ ಹೇಳಿದನು. ಮೇಸ್ತ್ರಿಯು ಹಣವನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡನು. ಆದರೆ ಕೆಲಸಕ್ಕೆ ಹಿಂದಿರುಗಲಿಲ್ಲ. ಕೆಲವು ಮಾತುಗಳು ತಡವಾಗಿ ಬಂದರೆ ಗೌರವವನ್ನು ಹಿಂದಕ್ಕೆ ಕೊಡಬಲ್ಲವು, ಮನುಷ್ಯನನ್ನು ಹಿಂದಕ್ಕೆ ತರಲಾರವು. ಆ ಮೇಲೆ ಮಿಲ್ಲಿನ ಗೋಡೆಗೆ ಒಂದು ಹಲಗೆ ಬಂದಿತು. ಯಂತ್ರದ ದುರಸ್ತಿಯನ್ನು ಹೇಳುವವನು ಯಾರು, ಎಷ್ಟು ಹಣದವರೆಗೆ ಯಾರನ್ನೂ ಕೇಳದೆ ಮಾಡಿಸಬಹುದು, ಸಂಬಳದ ದಿನ ಯಾವುದು, ರಜೆ ಕೇಳಬೇಕಾದುದು ಯಾರ ಬಳಿ, ಇಷ್ಟನ್ನೂ ಅದರಲ್ಲಿ ಬರೆದಿದ್ದಾನೆ. ಶನಿವಾರ ಸಂಜೆ ಎಲ್ಲರೂ ಅರ್ಧ ಘ೦ಟೆ ಕೂರುತ್ತಾರೆ. ಆ ವಾರದಲ್ಲಿ ಯಾರು ಏನನ್ನು ಕೇಳಿದ್ದರೋ ಅದಕ್ಕೆ ಅಂದು ಹೌದು ಅಥವಾ ಇಲ್ಲ ಎಂಬ ಉತ್ತರ ಸಿಕ್ಕಲೇಬೇಕು. ಹೆಂಡತಿಯ ತಮ್ಮನು ಮುನಿಸಿಕೊಳ್ಳುವನೆಂದು ಅವನು ಅಂಜಿದ್ದನು. ಆ ತರುಣನು ಹೇಳಿದುದೇನು ಗೊತ್ತೆ? “ಭಾವ, ಇದನ್ನು ನಾನು ಬಂದ ದಿನವೇ ಹೇಳಿದ್ದರೆ ಅಷ್ಟು ಜನರ ಮುಂದೆ ನಾನು ಕೆಟ್ಟವನಾಗುತ್ತಿರಲಿಲ್ಲ.”

ಕಾಗದ ಬರೆದ ಸೋದರಿಗೆ ಈಗ ನಮ್ಮ ಉತ್ತರ. ಅಮ್ಮಾ, ಎದುರಿನ ಅಂಗಡಿಯ ಭಟ್ಟರು ಹದಿನೈದು ವರ್ಷ ನಿಂತುದು ಕೂಗಿನ ಸೊಬಗಿಗಲ್ಲ. ಆ ಯಜಮಾನರ ಮನಸ್ಸಿನಲ್ಲಿ ಏನಿದೆಯೆಂಬುದು ಅವರಿಗೆ ತಿಳಿಯುತ್ತದೆ, ಅದಕ್ಕಾಗಿ ನಿಂತಿದ್ದಾರೆ. ಅದೇ ತಿಳಿವನ್ನು ನಿಮ್ಮ ಯಜಮಾನರು ಕೂಗಿಲ್ಲದೆ ಕೊಟ್ಟರೆ ನಿಮ್ಮ ಅಂಗಡಿಗೆ ಸಮನಾದ ಅಂಗಡಿ ಆ ಬೀದಿಯಲ್ಲಿ ಇರಲಾರದು. ಅವರಿಗೆ ಅದು ಕಷ್ಟವಾದರೆ ನೀವು ನೆರವಾಗಬೇಕು. ಮೈದುನನ ಕೆಲಸ ಇಷ್ಟು, ಮಗನ ಕೆಲಸ ಇಷ್ಟು ಎಂಬುದನ್ನು ರಾತ್ರಿ ಮನೆಯಲ್ಲಿ ಕುಳಿತು ಒಂದು ಕಾಗದದ ಮೇಲೆ ಬರೆಯಿಸಿರಿ. ತಪ್ಪನ್ನು ಏಕಾಂತದಲ್ಲಿ ಹೇಳಬೇಕು, ಮೆಚ್ಚಿಗೆಯನ್ನು ಹತ್ತು ಜನರ ಮುಂದೆ ಹೇಳಬೇಕು ಎಂಬುದನ್ನು ಮಗನಿಗೆ ಈಗಲೇ ಕಲಿಸಿರಿ. ‘ಅವರೇ ಹೇಳಲಿ’ ಎಂದು ನೀವೂ ಸುಮ್ಮನಿರಬೇಡಿ.

ನಮ್ಮೂರಿಗೆ ಬರುವ ಯಾತ್ರಿಕರು ಅಲಮೇಲಮ್ಮನ ಶಾಪದ ಕಥೆಯನ್ನು ಕೇಳದೆ ಹಿಂದಿರುಗುವುದಿಲ್ಲ. ಕಥೆ ಕಥೆಯಾಗಿಯೇ ಇರಲಿ. ಮಾಧವಮಂತ್ರಿಯು ನದಿಗೆ ಅಣೆಯನ್ನು ಕಟ್ಟಿಸಿದ ತರುವಾಯ ನದಿಯ ಪಾತ್ರದ ಮರಳು ಬಯಲಿಗೆ ಬಿದ್ದು, ಗಾಳಿಗೆ ಹಾರಿ, ಊರನ್ನು ಮುಚ್ಚಿತೆಂದು ವಿದ್ವಾಂಸರ ಊಹೆ. ಹೇಗೇ ಇರಲಿ, ಗುಡಿಗಳನ್ನು ಹೂಳಿದ್ದು ಒಂದು ರಾತ್ರಿಯ ಬಿರುಗಾಳಿಯಲ್ಲ. ಕಣಕಣವಾಗಿ ಬಂದ ಮರಳು, ಬಂದಂದೇ ಯಾರೂ ಗುಡಿಸದೆ ಬಿಟ್ಟ ಮರಳು. 2020ರ ಡಿಸೆಂಬರಿನ ಪಂಚಲಿಂಗದರ್ಶನದ ಕಾಲದಲ್ಲಿ ಗುಡಿಗಳ ಸುತ್ತ ಮರಳನ್ನು ತೆಗೆಯುತ್ತಿದ್ದುದನ್ನು ನೋಡುತ್ತ ನಿಂತಾಗ ನಮಗೆ ಮಿಲ್ಲಿನ ಆ ಕಚೇರಿಯೇ ಕಣ್ಣಿಗೆ ಕಟ್ಟಿತ್ತು. ಹೇಳದೆ ಬಿಟ್ಟ ಮಾತೂ ಇಂಥದೇ.

ಆದಕಾರಣ ವಾಚಕರಲ್ಲಿ ನಮ್ಮದೊಂದು ಪ್ರಾರ್ಥನೆ. ಅಂಗಡಿಯುಳ್ಳವರು ಅಂಗಡಿಯಲ್ಲಿ, ಇಲ್ಲದವರು ಮನೆಯಲ್ಲಿ, ಈ ತಿಂಗಳು ಒಂದು ದಿನ ‘ನೋಡೋಣ’ ಎಂಬ ಮಾತನ್ನು ಎಷ್ಟು ಸಲ ಆಡಿದೆವೆಂದು ಎಣಿಸಬೇಕು. ಅವುಗಳಲ್ಲಿ ನಿಜವಾಗಿ ನೋಡಬೇಕಾದವು ಎಷ್ಟು, ಹೇಳಲಂಜಿ ಮುಂದಕ್ಕೆ ತಳ್ಳಿದವು ಎಷ್ಟು ಎಂದು ಬೇರೆಮಾಡಬೇಕು. ನಾವೂ ಎಣಿಸಿ ನೋಡಿದ್ದೇವೆ. ಲೆಕ್ಕವನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.